ಬಾಕಿ

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು.
ಯಾವ ಬೋಟಿಗೆ ಎಷ್ಟು ಬ್ಲಾಕು, ಯಾರ ಹೆಸರಲ್ಲಿ ಎಷ್ಟು ಬಾಕಿ,
ಹದಿನಾಲ್ಕು ವರ್ಷದಲ್ಲಿ ಒಂದು ಬ್ಲಾಕೂ ಆಚೀಚೆ ಆಗಿಲ್ಲ.
ಅದೇ ಕೈ
ದೀಪಾವಳಿ ರಿಯಾಯಿತಿಯಲ್ಲಿ, ಹೊಸವರ್ಷದ ರಿಯಾಯಿತಿಯಲ್ಲಿ,
ಏನೂ ವಿಶೇಷವಿಲ್ಲದ ಒಂದು ಮಂಗಳವಾರದ ರಿಯಾಯಿತಿಯಲ್ಲಿ
ಒತ್ತಿ ಒತ್ತಿ ಕೊಂಡ ಆಟಗಳು ತೊಂಬತ್ತೊಂದು.
ಆಡಿ ಮುಗಿಸಿದ್ದು ಆರು.
ಅದರಲ್ಲೊಂದು ಇಟ್ಟಿಗೆ ಜೋಡಿಸುವುದು, ಅದಕ್ಕೆ ಕೊನೆಯೇ ಇಲ್ಲ,
ಹಾಗಾಗಿ ಐದು ಅನ್ನಿ.

ಮೇ ಕೊನೆಗೆ ಅತ್ತೆ ಭರಣಿ ತೊಳೆದು ಬಿಸಿಲಿಗೆ ಕವುಚಿಟ್ಟರು.
ಹಲಸಿನ ತೊಳೆ ಉಪ್ಪಿಗೆ, ಮಾವಿನಕಾಯಿ ಉಪ್ಪಿಗೆ,
ಒಣ ಸಿಗಡಿ ಡಬ್ಬಕ್ಕೆ.
"ಆಟಿಗೆ ಬೇಕಲ್ಲ" ಅಂದರು.
ನನ್ನದೂ ಅದೇ ಅತ್ತೆ, ಅಂದುಕೊಂಡೆ, ನನ್ನ ಭರಣಿಯಲ್ಲಿ ಎಂಬತ್ತಾರು.
ಆದರೆ ಅವರದ್ದು ಚೌತಿಯೊಳಗೆ ಖಾಲಿ.
ನನ್ನದರ ತಳ ನಾನೇ ಕಂಡಿಲ್ಲ.

ಜೂನ್ ಒಂದಕ್ಕೆ ಬಂದರಿನ ಎಂಜಿನುಗಳೆಲ್ಲ ಬಾಯಿ ಮುಚ್ಚಿದವು.
ಅರವತ್ತೊಂದು ದಿನ ನಿಷೇಧ. ಬೋಟಿಲ್ಲದೆ ಐಸಿಲ್ಲ,
ಐಸಿಲ್ಲದೆ ನಾನಿಲ್ಲ.
ಹಳೆಯ ಲೆಡ್ಜರಿನ ಹಿಂಬದಿಯಲ್ಲಿ ಗೆರೆ ಎಳೆದೆ:
ಆಟ, ಗಂಟೆ, ಆರಂಭ, ಮುಕ್ತಾಯ, ಷರಾ.
ದಿನಕ್ಕೆ ನಾಲ್ಕರಂತೆ ಇನ್ನೂರ ನಲವತ್ತನಾಲ್ಕು ಗಂಟೆ ಕೈಯಲ್ಲಿ,
ಬೇಕಾದದ್ದು ಮೂರು ಸಾವಿರದ ಇನ್ನೂರು.
ಅಂದರೆ ಹದಿಮೂರು ಮಳೆಗಾಲ,
ನಡುವೆ ಒಂದನ್ನೂ ಕೊಳ್ಳದಿದ್ದರೆ.
ಪೆನ್ನಿಗೆ ಮುಚ್ಚಳ ಹಾಕುವಾಗ ಫೋನು ನಡುಗಿತು:
ಶೇಕಡಾ ಎಪ್ಪತ್ತೈದು ಕಡಿತ, ಇವತ್ತೇ ಕೊನೆ.

ಎಂಬತ್ತೇಳು.

ಬೋಟಿಲ್ಲವೆಂದರೆ ತಾಂಡೇಲರೂ ಮನೆಯಲ್ಲೇ.
ಟೀವಿಯಲ್ಲಿ ಕಬಡ್ಡಿ, ಆಮೇಲೆ ಹೋದ ವರ್ಷದ ಕಬಡ್ಡಿ,
ಆಮೇಲೆ ಇವರು ಚಾನೆಲಿನ ಹವಾಮಾನದವನಿಗೇ
ಗಾಳಿ ಯಾವ ಕಡೆಯದ್ದೆಂದು ಹೇಳಿಕೊಡುವುದು.
ರಾತ್ರಿ ಹನ್ನೊಂದಕ್ಕೆ ಸದ್ದು ಸೊನ್ನೆ ಮಾಡಿ
ಅರ್ಧಕ್ಕೆ ಬಿಟ್ಟದ್ದೊಂದನ್ನು ತೆರೆದೆ.
ಕುದುರೆ ಗುಡ್ಡದ ಮೇಲೆ ಅಲ್ಲೇ ನಿಂತಿತ್ತು, ಅದೇ ಗಾಳಿಗೆ ಬಾಲ ಆಡಿಸುತ್ತ.
ಯಾರನ್ನು ಬಿಡಿಸಲು ಹೊರಟಿದ್ದೆ? ನೆನಪಿಲ್ಲ.
ಯಾವ ಗುಂಡಿ ಕತ್ತಿ, ಯಾವುದು ಗುರಾಣಿ? ನೆನಪಿಲ್ಲ.
"ಬೇಗ, ಬೆಳಗಾಗುವುದರೊಳಗೆ!" ಅಂದ ಊರವನೊಬ್ಬ.
ಪಾಪ, ನಾಲ್ಕು ವರ್ಷದಿಂದ ಅವನಿಗೆ ಬೆಳಗಾಗಿಲ್ಲ.

ಬಿಟ್ಟದ್ದು ಯಾಕೆಂದು ಮಾತ್ರ ನೆನಪುಂಟು.
ಮೂಲೆಯಲ್ಲಿ ತಾರೀಕು ಇತ್ತು, ಗಂಟೆ ನಿಮಿಷ ಸಮೇತ.
ಒಳಗಿನ ಕೋಣೆಯಿಂದ ಮಾವ ನೀರು ಕೇಳಿದರು,
"ಬಂದೆ" ಅಂದೆ, ಉಳಿಸಿ ಎದ್ದೆ.
ಇವರು ಆಗ ರತ್ನಗಿರಿಯ ಆಚೆ ಎಲ್ಲೋ ಬಲೆ ಎಳೆಯುತ್ತಿದ್ದರು,
ಫೋನಿಗೆ ಸಿಕ್ಕಿದ್ದು ಮೂರನೇ ದಿನ.

"ಅದೆಂಥ ಕೆರೆಯಾ?"
ನೀರು ಕುಡಿಯಲು ಎದ್ದವರು ಬೆನ್ನ ಹಿಂದೆ ನಿಂತಿದ್ದರು.
"ಮೀನುಂಟಾ?"
ಉಂಟು. ಗಾಳ ಹಾಕಬಹುದು, ಈ ಗುಂಡಿ ಒತ್ತಿ ಕಾಯಬೇಕು.
"ಇಲ್ಲಿ ನಿಷೇಧ ಇಲ್ಲವಾ?"
ಹಗ್ಗ ಕೊರೆದ ಆ ಬೆರಳುಗಳಿಗೆ ಕಂಟ್ರೋಲರು
ಮಕ್ಕಳ ಬೆಂಕಿಪೆಟ್ಟಿಗೆಯ ಹಾಗೆ ಸಣ್ಣದು.
ಒಂದು ಗಂಟೆಯಿಂದ ಮೂರೂವರೆ. ಹದಿನೇಳು ಮೀನು.
"ಎಂಥ ಮೀನು ಮಾರಾಯ್ತಿ, ವಾಸನೆಯೇ ಇಲ್ಲ" ಅಂದರು,
ಹದಿನೆಂಟನೆಯದಕ್ಕೆ ಗಾಳ ಎಸೆದರು.
ಆಚೆ ರಾಜ್ಯ ಉರಿಯುತ್ತಿತ್ತು. ಕುದುರೆ ಹುಲ್ಲು ಮೇಯುತ್ತಿತ್ತು.
ತಾರೀಕಿನ ಸುದ್ದಿ ನಾನು ಹೇಳಲಿಲ್ಲ.

ಜುಲೈ ಮೂವತ್ತೊಂದರ ಲೆಕ್ಕ:
ಮುಗಿದದ್ದು, ಸೊನ್ನೆ.
ಬಾಕಿ, ಎಂಬತ್ತೆಂಟು. ಬರೀ ಮೀನು ಹಿಡಿಯುವ ಒಂದನ್ನು
ಇವರಿಗೆಂದು ತೆಗೆದೆ, ಅದು ಇವರಿಗೆ ಹಿಡಿಸಲಿಲ್ಲ.
ಷರಾ: ಕೆರೆಯಲ್ಲಿ ನಾನೂರ ಹನ್ನೆರಡು.

ಬೋಟಿಗೆ ಅಕ್ಕಿ, ಡೀಸೆಲ್ಲು, ನೂರ ಇಪ್ಪತ್ತು ಬ್ಲಾಕು ಏರಿಸಿ
ಜೆಟ್ಟಿಯಲ್ಲಿ ಚೀಟಿಗೆ ಸಹಿ ಮಾಡುತ್ತ ಕೇಳಿದರು,
"ನಾನು ಬರುವ ತನಕ ನನ್ನ ಮೀನು ಹಾಗೇ ಇರ್ತದಾ?"
ಇರ್ತದೆ.
"ಐಸು?"
ಬೇಡ ಅಂದೆ.