ಆರನೆಯ ಕಾಲಂ

ಸೊಹಾರಿನ ಕಾರ್ಮಿಕ ಕಚೇರಿಯ ಎದುರಿಗೆ
ಜೆರಾಕ್ಸ್, ಫೋಟೋ, ವೀಸಾ, ಅನುವಾದ, ಎಲ್ಲಕ್ಕೂ ಒಂದೇ ಗಾಜಿನ ಬಾಗಿಲು.
ಒಳಗೆ ನಾನು, ಸೆವ್ರಿನ್ ಕ್ರಾಸ್ತಾ, ಹನ್ನೊಂದು ವರ್ಷದಿಂದ
ಐದು ಭಾಷೆಯ ಮಾಡಲೇಬೇಕುಗಳನ್ನು
ಪುಟಕ್ಕೊಂದು ರಿಯಾಲಿನಂತೆ ಅತ್ತಿತ್ತ ದಾಟಿಸುತ್ತೇನೆ.

ಇಲ್ಲಿಗೆ ಇಳಿದವರೆಲ್ಲ ಮೊದಲು ಕಲಿಯುವುದು "ಲಾಜಿಮ್".
ಪಾಸ್‌ಪೋರ್ಟ್ ಪ್ರತಿ ಲಾಜಿಮ್, ನಾಳೆ ಬರುವುದು ಲಾಜಿಮ್,
ಹೆಲ್ಮೆಟ್ಟು ಲಾಜಿಮ್, ಅದು ಗೋಡೆಯ ಮೇಲೆ ಮಾತ್ರ.
ಎರಡನೆಯದು ಬರುವ ಹೊತ್ತಿಗೆ ಕೂದಲು ನರೆತಿರುತ್ತದೆ: "ಲಾ ಬುದ್ದ".
ಈ ಬುದ್ದ ಪಾಪದ್ದು, ಒಂಟಿಯಾಗಿ ಹೊರಗೆ ಬರುವುದಿಲ್ಲ.
ತಪ್ಪಿಸಿಕೊಳ್ಳುವ ದಾರಿ ಎಂದು ಅದರ ಅರ್ಥ,
ಮುಂದೆ "ಇಲ್ಲ" ನಿಂತಾಗಲೇ ಬಾಯಿಗೆ ಸಿಗುವುದು.

ನಮ್ಮದೇನು ಕಡಿಮೆಯೆ?
ವಿಧಿ ಅಂದರೆ ಹಣೆಬರಹ. ಸರಿ.
ಹಾಗಾದರೆ "ಬೇರೆ ವಿಧಿಯಿಲ್ಲ" ಅಂದಾಗ
ಖುಷಿಪಡಬೇಕಿತ್ತಲ್ಲ?
"ಬೇಕು" ಇನ್ನೂ ಫಟಿಂಗ. ಬೆಲ್ಲ ಬೇಕು, ಮಲಗಬೇಕು, ಸಾಯಬೇಕು:
ಆಸೆಗೂ ಬಲವಂತಕ್ಕೂ ಒಂದೇ ಅಂಗಿ.
ನನ್ನ ಕೊಂಕಣಿಯ "ಜಾಯ್" ಕೂಡ ಅದೇ ದರ್ಜಿಯ ಕೈಯದು.
ಒಮ್ಮೆ "ಎಲ್ಲರೂ ಒಂದು ದಿನ ಹೋಗಲೇಬೇಕು" ಅಂದದ್ದನ್ನು
ಹಾಗೇ ಅರಬ್ಬಿಗೆ ಇಳಿಸಿ,
ಇಡೀ ಶೆಡ್ಡು ರಾಜೀನಾಮೆ ಕೊಡುತ್ತಿದೆಯೆಂದು
ಗುಮಾಸ್ತ ಮೊಹರು ಹುಡುಕಿದ್ದ.

"ಸಂಬಳ ಕಡಿತ ಅನಿವಾರ್ಯ" ಎಂದು
ಕನ್ನಡದಲ್ಲಿ ಅಚ್ಚು ಹೊಡೆದು ಕೊಟ್ಟೆ ಒಂದು ವರ್ಷವಿಡೀ.
ಆಮೇಲೆ ಹೊಳೆಯಿತು: ಬೇಸಿಗೆ ಅನಿವಾರ್ಯ.
ಕಡಿತದ ಕೆಳಗೆ ಯಾರದೋ ಸಹಿ ಇರುತ್ತದೆ.

ಇವತ್ತು ಬಂದವನು ಲಾಳೇಸಾಬ, ಸಿಂದಗಿ ಕಡೆಯವನು.
ತಮ್ಮ ಹುಸೇನಸಾಬ, ಇಪ್ಪತ್ತಾರು,
ಹದಿನಾಲ್ಕು ಮೀಟರ್ ಅಟ್ಟಣಿಗೆಯಿಂದ, ಮಂಗಳವಾರ.
ಬಾಗಿಲಲ್ಲಿ ಕಂಪನಿಯ ಮಂದೂಬ್, ಕೈಯಲ್ಲಿ ಕರಕ್ ಚಹಾ.
ಆರನೆಯ ಕಾಲಂ: ಕಾರಣ.

"ಆಗೂದು ಆತ್ರಿ ಅಕ್ಕಾರ. ಹಣ್ಯಾಗ ಬರದದ್ದು
ಯಾರಿಗೂ ತಪ್ಪಂಗಿಲ್ಲ."

ಪಕ್ಕದ ಮೇಜಿನ ಸುಗುಣನ್ ಫೋಟೋ ಕತ್ತರಿಸುತ್ತ
"ವರಾನುಳ್ಳದ್ ವಳಿಯಿಲ್ ತಂಙಿಲ್ಲ" ಎಂದು ತನ್ನಷ್ಟಕ್ಕೆ ಗೊಣಗಿದ.
ಬರಬೇಕಾದ್ದು ದಾರಿಯಲ್ಲಿ ತಂಗುವುದಿಲ್ಲ. ನಿಜ.
ಮಂದೂಬನಿಗೆ ಇಬ್ಬರ ಮಾತೂ ಬಾರದು, ಆ ದನಿ ಗೊತ್ತು.
ಮೆತ್ತಗೆ ಹೇಳಿದ: "ಖದಾ ವ ಖದರ್. ಎರಡೇ ಪದ, ಸಿಸ್ಟರ್."

ಸರಿಯಾದ ಎರಡು ಪದ. ಯಾವ ನಿಘಂಟೂ ತಪ್ಪು ಹುಡುಕಲಾರದು.
ಲಾಳೇಸಾಬ ಅಂದದ್ದೂ ಅದನ್ನೇ, ಅಕ್ಷರಕ್ಕೆ ಅಕ್ಷರ.
ಆದರೆ ಈ ಖದಾಕ್ಕೆ ಇನ್ನೊಂದು ಮನೆಯಿದೆ,
ನ್ಯಾಯಾಲಯದವರನ್ನೂ ಅದೇ ಹೆಸರಿಂದ ಕರೆಯುತ್ತಾರೆ.
ಮೊದಲನೆಯದು ಈ ಕಾಲಮ್ಮಿನೊಳಗೆ ಹೋಗಿ ಕೂತರೆ
ಎರಡನೆಯದು ಕದ ಹಾಕಿಕೊಳ್ಳುತ್ತದೆ.

ಬೆರಳು ಕೀಲಿಯ ಮೇಲೆ ನಿಂತಿತು. ಕೇಳಿದೆ:
"ಹಗ್ಗ ಎಷ್ಟು ಹಳೇದು?"
ಅವನು ಮೊದಲ ಸಲ ನನ್ನ ಮುಖ ನೋಡಿದ.
"ಎರಡು ವರ್ಸದ್ದು. ಎಳಿ ಬಿಚ್ಚಿತ್ತು.
ಮೂರು ಸಲ ಹೇಳೇವ್ರಿ ನಾವು. ಫೋಟೋನೂ ಕಳಿಸೇವಿ."
ಯಾವತ್ತು? ಯಾರಿಗೆ? ಅವನು ಫೋನು ತೆಗೆದ.
ಟೈಪು ಮಾಡಿದೆ. ಮೂರು ತಾರೀಖು. ಹಗ್ಗ. ಒಂದು ಹೆಸರು.
ಮಂದೂಬನ ಚಹಾ ಆರಿತು.

"ನಾ ಮೊದಲ ಅಂದದ್ದು ಬರದೀರೇನ್ರಿ?"
ಇಲ್ಲ ಅಂದೆ. ಸುಳ್ಳಲ್ಲ ಆ ಮಾತು, ವಿಳಾಸ ಬೇರೆ.
ಊರಿಗೆ ಒಯ್ಯಿ. ಅವ್ವನ ಮುಂದೆ ಕೂತು ಹೇಳು.

ಸಹಿ ಕನ್ನಡದಲ್ಲೇ ಹಾಕಿದ, ಒತ್ತಿ ಒತ್ತಿ,
ಕೆಳಗಿನ ಹಾಳೆಗೂ ಇಳಿಯಿತು.
ದುಡ್ಡು ಬೇಡ ಅಂದೆ.
ನಾಲ್ಕು ಮಡಿಕೆಯ ಒಂದು ರಿಯಾಲನ್ನು
ಕೀಲಿಮಣೆಯ ಕೆಳಗೆ ಸಿಕ್ಕಿಸಿ
"ಲಾಜಿಮ್ರಿ" ಅಂದ.