ಹಣಿಗಿ

ನಾನು ಮುನವಳ್ಳಿಯವ, ಎರಿಮಣ್ಣಿನ ಮನುಷ್ಯ.
ಗುಡ್ಡವೆಂದರೆ ಬೋಳು, ತುದಿಯೆಂದರೆ ಬರೀ ಆಕಾಶ
ಅಂದುಕೊಂಡಿದ್ದೆ, ಕಣಕುಂಬಿ ಕಾಡಿಗೆ
ವಾಚರ್ ಅಂತ ಹಾಕುವವರೆಗೆ.
ಇಲ್ಲಿ ತುದಿಯ ನೆತ್ತಿಯ ಮೇಲೂ ನೇರಳೆ ಮರ,
ಏರಿದವನಿಗೆ ಏರಿದ್ದೇ ತಿಳಿಯುವುದಿಲ್ಲ.

ಜಾನಾಬಾಯಿ ಯಮಕರ ಮುಂದೆ, ಎಂಬತ್ತು ದಾಟಿದವಳು.
ನಾನು ಹಿಂದೆ, ಏದುಸಿರು, ಕಾಲ ತುಂಬ ಜಿಗಣೆ.
ಅವಳ ಮರಾಠಿ ನನಗೆ ಅರ್ಧ,
ನನ್ನ ಕನ್ನಡ ಅವಳಿಗೆ ಮುಕ್ಕಾಲು.

ಕುಡುಗೋಲಿನಿಂದ ಪಾಚಿ ಕೆರೆದಳು.
ಮೊಳಕಾಲೆತ್ತರದ ಕಲ್ಲು. ಈಚೆ ಹದಿನೇಳು ಅಂತ ನಂಬರು.
ಆಚೆ, ಕಿರೀಟವೋ ಬದನೆಕಾಯಿಯೋ, ಏನೋ ಸವೆದದ್ದು.
'ಊರಿನ ಗಡಿ ಅಲ್ಲೋ ತಮ್ಮಾ, ದೇಶದ್ದು.
ಆಚೆ ಫಿರಂಗ್ಯಾರ ರಾಜ್ಯ.
ನಮ್ಮ ಠಕೂನ್ನ ಅಲ್ಲಿಗೆ ಕೊಟ್ಟಿದ್ರು.
ಮರುವರ್ಷ ಘಾಟು ಬಂದ್.'

ಹುಣ್ಣಿಮೆಗೊಮ್ಮೆ ಅಕ್ಕ ಅಲ್ಲಿಂದ, ತಂಗಿ ಇಲ್ಲಿಂದ.
ಕಲ್ಲಿಗೆ ಬೆನ್ನು ಕೊಟ್ಟು ಠಕೂ ತಲೆ ಹಿಂದಕ್ಕೆ ಚೆಲ್ಲುವಳು.
ಎಮ್ಮೆಕೊಂಬಿನ ಹಣಿಗಿಯಲ್ಲಿ ಈಕೆ ಬಾಚುವಳು,
ಕೂದಲು ಈ ದೇಶದಲ್ಲಿ, ಕೊರಳು ಆ ದೇಶದಲ್ಲಿ.
ಹೇನುಗಳು ಮಾತ್ರ ಪಾಸಿಲ್ಲದೆ ದಾಟುತ್ತಿದ್ದವಂತೆ.
ಆಚೆಯ ಸಿಪಾಯಿ, ಯಾವ ಸಮುದ್ರದಾಚೆಯವನೋ,
ಬಂದೂಕು ಮರಕ್ಕೊರಗಿಸಿ
ಅತ್ತ ಮುಖಮಾಡಿ ಕೂತುಬಿಡುತ್ತಿದ್ದ.
'ಅವ್ನಿಗೂ ಅಕ್ಕ ಇದ್ದಿರ್ಬೇಕು.'

ಆಮೇಲೆ?

'ಆಮೇಲೆ ಗಡಿ ಹೋತು.
ಗುಡ್ಡದ ಬುಡಕ್ಕ ಸುತ್ತುಹಾಕಿ ರಸ್ತೆ ಬಂತು, ಬಸ್ಸು ಬಂತು.
ಬೇಕಂದಾಗ ಹೋಗಬಹುದಲ್ಲ ಅಂತ
ಬೇಕಂದಾಗೆಲ್ಲ ಹೋಗಲಿಲ್ಲ.
ಅಲ್ಲಿಂದೀಚೆಗೆ ಎರಡು ಸಲ ಕಂಡ್ವಿ.
ಎರಡನೇ ಸಲ ಆಕಿ ಹೆಣ.'

ಕಿಸೆಯಲ್ಲಿ ಫೋನು ಗುಂಯ್ ಅಂದಿತು: ಗೋವಾಕ್ಕೆ ಸ್ವಾಗತ.
ಒಂದು ಹೆಜ್ಜೆ ಹಿಂದೆ ಸರಿದೆ, ಸುಮ್ಮನಾಯಿತು.

ರಿಜಿಸ್ಟರು ತೆಗೆದು ಬರೆದೆ.
ಕಲ್ಲು ಹದಿನೇಳು. ಸ್ಥಿತಿ: ಉತ್ತಮ. ಅತಿಕ್ರಮಣ:
ಅಷ್ಟರಲ್ಲಿ ಮುದುಕಿ ಎದ್ದು
ಕಲ್ಲು ದಾಟಿ, ಆಚೆ ಬದಿಗೆ ಕೂತಳು.
ಸೆರಗಿನ ಗಂಟಿನಿಂದ ಹಣಿಗಿ ಬಿಚ್ಚಿ
ಕಲ್ಲಿನ ನೆತ್ತಿಯ ಮೇಲಿಟ್ಟಳು, ಹಲ್ಲು ಮೂರು ಮುರಿದದ್ದು.
ತುರುಬು ಬಿಚ್ಚಿದಳು,
ಬೆಳ್ಳಗಿನ ನಾಲ್ಕೆಳೆ,
ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದಳು.

ಲಾಠಿ ಮರಕ್ಕೊರಗಿಸಿದೆ.
ಇತ್ತ ಮುಖಮಾಡಿ ಕೂತು
ಕಾಲಿನ ಜಿಗಣೆಗಳನ್ನು
ಒಂದೊಂದಾಗಿ ಕಿತ್ತೆ, ನಿಧಾನಕ್ಕೆ,
ಎಣಿಸುತ್ತ, ತಪ್ಪಿದಾಗ ಮತ್ತೆ ಮೊದಲಿನಿಂದ.