ಇಪ್ಪತ್ತನಾಲ್ಕು ದಿನದ ಚೀಟಿ

ಮೊದಲು ಕಾಲು. ಆಮೇಲೆ ಸೊಂಟ. ಅವಸರ ಬೇಡ.
ಎದೆಯವರೆಗೆ ಸಾಕು, ಅದರ ಮೇಲೆ ಹೃದಯ ಒಪ್ಪುವುದಿಲ್ಲ.
ದಿನಕ್ಕೆ ಅರವತ್ತು ಸಲ ಹೇಳುತ್ತೇನೆ ಇದನ್ನು,
ಜಾರ್ಜಿಯನ್‌ನಲ್ಲಿ, ರಷ್ಯನ್‌ನಲ್ಲಿ,
ಕಿವಿ ಕೇಳದವರಿಗೆ ಕೈಯಲ್ಲಿ.

ತ್ಸ್ಕಲ್ತುಬೊದ ನೀರಿಗೆ ಒಲೆಯಿಲ್ಲ, ಹಂಡೆಯಿಲ್ಲ.
ನೆಲವೇ ಹದ ನೋಡಿ ಕಳಿಸುತ್ತದೆ,
ಮೈಯಷ್ಟೇ ಬೆಚ್ಚಗೆ, ಗುಲಗಂಜಿ ತೂಕ ಹೆಚ್ಚಿಲ್ಲ.
ಇಳಿದವರು ಐದು ನಿಮಿಷದಲ್ಲಿ
ತಮ್ಮ ತೊಗಲು ಎಲ್ಲಿ ಮುಗಿಯಿತೆಂದು ಮರೆಯುತ್ತಾರೆ.
ಹದಿನೈದಕ್ಕೆ ನಾನು ನೆನಪಿಸುತ್ತೇನೆ.
ಮರಳುಗಡಿಯಾರ ನನ್ನ ಕೈಲಿದೆ.

ಮುಖ ಮರೆತರೂ ಮಂಡಿ ಮರೆಯೆ.
ಕುತೈಸಿಯ ಟೈಲರಮ್ಮನ ಬಲಮಂಡಿ,
ಕ್ಲಚ್ ಒತ್ತಿ ಒತ್ತಿ ಕುಂಬಳಕಾಯಾದ
ಕಝಾಕ್ ಲಾರಿ ಡ್ರೈವರನ ಎಡಮಂಡಿ.
ವಾಸಿಯಾಗುತ್ತದಾ ಲಮಾರಾ, ಎನ್ನುತ್ತಾರೆ.
ನಾನು ನೀರಿನ ಕಡೆ ತೋರಿಸುತ್ತೇನೆ.
ಅದು ಸುಳ್ಳಾಡಿದರೆ ಪಾಪ ಅದಕ್ಕೇ.

ಏಪ್ರಿಲ್‌ನಲ್ಲಿ ಬಂದರು ಗಾರ್ನಿಕ್,
ಗ್ಯುಮ್ರಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು.
ಮೊದಲ ದಿನವೇ, ಇನ್ನೂ ಒದ್ದೆ ಮೈಯಲ್ಲಿ,
'ನಿಮ್ಮ ಮರಳು ಒಂದೂವರೆ ನಿಮಿಷ ಮುಂದೆ ಓಡುತ್ತಿದೆ.
ಗಾಜಿನ ಕತ್ತು ಸವೆದು ಅಗಲವಾಗಿದೆ' ಅಂದರು.
ಎಷ್ಟು ವರ್ಷದಿಂದ, ಎಷ್ಟು ಮಂಡಿಗಳಿಂದ
ಕದ್ದೆನೋ ನಾನು!
ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಎರಡನೇ ದಿನ ಕೇಳಿದರು,
ಬೆಟ್ಟದಂಚಿನ ಆ ಕಂಬಗಳ ಸ್ಯಾನಟೋರಿಯಂ ಇದೆಯಲ್ಲ,
ಎಪ್ಪತ್ತೆಂಟರಲ್ಲಿ ಯೂನಿಯನ್‌ನವರು ಚೀಟಿ ಕೊಟ್ಟಿದ್ದರು,
ಇಪ್ಪತ್ತನಾಲ್ಕು ದಿನ, ಊಟ ಸಮೇತ,
ಕೋಣೆ ಇನ್ನೂರ ಹದಿನಾಲ್ಕು.
ಬಾಲ್ಕನಿಯಿಂದ ಮ್ಯಾಗ್ನೋಲಿಯಾ ಕೈಗೆ ಸಿಗುತ್ತಿತ್ತು.

ಅದು ನನ್ನ ಅಡಿಗೆಮನೆ.

ಕರೆದುಕೊಂಡು ಹೋದೆ. ಏನು ಮಾಡಲಿ.
ಅಮೃತಶಿಲೆ ಕಿತ್ತುಹೋದ ಮೆಟ್ಟಿಲು,
ನಾಟ್ಯಶಾಲೆಯಲ್ಲಿ ಝುಝುನಾಳ ಕೋಳಿಗಳು.
ಬಾಗಿಲಲ್ಲಿ ಟೋಪಿ ತೆಗೆದರು, ಇಗರ್ಜಿಗೆ ಬಂದವರ ಹಾಗೆ.
ಹುರುಳಿಕಾಯಿ ಬೇಯುತ್ತಿದ್ದ ಜಾಗ ನೋಡಿ
ಇಲ್ಲಿ ನನ್ನ ಮಂಚ, ಅಂದರು.
ಆಮೇಲೆ ಮೆಲ್ಲಗೆ, 'ಕೆಳಗೆ ಒಂದು ಪಿಯಾನೋ ಇತ್ತು.'

ಇತ್ತು.
ತೊಂಬತ್ತಮೂರರ ಚಳಿಗೆ ಈ ಮಹಡಿಯಲ್ಲೇ ಹದಿಮೂರು ಮಕ್ಕಳು.
ಚೆನ್ನಾಗಿ ಉರಿಯಿತು.
ತಂತಿ ಒಂದೊಂದೇ ಕಡಿದು ಠಣ್ ಎಂದಾಗ
ಮಕ್ಕಳು ನಕ್ಕವು, ಸುಖುಮಿ ಬಿಟ್ಟ ಮೇಲೆ ಮೊದಲ ಸಲ.
ಇಗೋ, ಆ ತಂತಿಯ ಮೇಲೇ ಕಾಲುಚೀಲ ಒಣಗಿಸುವುದು.

ನಮಗೂ ಹೇಳಿದ್ದರು ಗಾರ್ನಿಕ್, ಎರಡು ವಾರ ಅಂತ.
ಮನೆಗೆ ಬೀಗ ಹಾಕಿ, ಹೂಕುಂಡಗಳಿಗೆ
ಎರಡು ವಾರಕ್ಕಾಗುವಷ್ಟು ನೀರು ಸುರಿದು ಬಂದೆ.
ತಟ್ಟೆ ತುಂಬಿ ನೆಲಕ್ಕೆ ಚೆಲ್ಲಿತು,
ಒರೆಸಲು ಬಿಡುವಿರಲಿಲ್ಲ.
ಸಮಾಧಾನ ಹೇಳಲಿಲ್ಲ ಅವರು, ಪುಣ್ಯಾತ್ಮ.
ಮ್ಯಾಗ್ನೋಲಿಯಾದತ್ತ ಕೈ ಚಾಚಿದರು.
ಮರ ಬೆಳೆದು ಬಾಲ್ಕನಿ ದಾಟಿ ಮೇಲೆ ಹೋಗಿತ್ತು.

ಮರುದಿನ ಮರಳು ಮುಗಿದರೂ ನಾನು ಕೂಗಲಿಲ್ಲ.
ಕಣ್ಣು ಮುಚ್ಚಿ ಕೂತಿದ್ದರು ಉಗಿಯಲ್ಲಿ,
ತೋರುಬೆರಳು ಮಾತ್ರ ನೀರ ಮೇಲೆ ಟಿಕ್, ಟಿಕ್.
ಸರಿಯಾಗಿ ಹದಿನೈದಕ್ಕೆ ತಾವೇ ಎದ್ದರು.
'ಬಾಕಿಯಿಲ್ಲ' ಅಂದರು, ಟವೆಲ್ಲಿಗೆ ಕೈ ಚಾಚುತ್ತ.

ಹತ್ತೇ ದಿನ ಇದ್ದದ್ದು. ಪಿಂಚಣಿಗೆ ಅಷ್ಟೇ ಸಿಗುವುದು.
ಹೊರಡುವಾಗ ಝುಝುನಾ ನಾಲ್ಕು ಮೊಟ್ಟೆ ಕೊಟ್ಟಳು.
ಟೋಪಿಯೊಳಗಿಟ್ಟು, ಎರಡೂ ಕೈಯಲ್ಲಿ ಹಿಡಿದು
ಬಸ್ಸಿನ ಮೆಟ್ಟಿಲು ಹತ್ತಿದರು.
ಮಂಡಿ ನೋಡಿದೆ.
ಎಡದ್ದು ಹಾಗೇ ಇತ್ತು.
ಬಲದ್ದು, ಸ್ವಲ್ಪ ವಾಸಿ.